ಟ್ಯಾನ್ ಒಳಗೆ ಸೈನ್ ಇನ್ವರ್ಸ್ ಬಂದರೆ ಯಾವ ದಾರಿ ಹಿಡಿಯೋದು? ತ್ರಿಭುಜ, ನಿತ್ಯಸಮೀಕರಣ, ಸಬ್‌ಸ್ಟಿಟ್ಯೂಷನ್, ಸೂತ್ರ, ಬೆಲೆ ಹಾಕಿ ನೋಡೋದು: ಒಂದು ಹೋಲಿಕೆ

ಎರಡನೇ ಪಿಯುಸಿ ಗಣಿತದಲ್ಲಿ ಎರಡನೇ ಪಾಠವೇ ಇನ್ವರ್ಸ್ ಟ್ರಿಗ್ನಾಮೆಟ್ರಿ. ನಮ್ಮ ಕಡೆ ಆ ಪಾಠ ನಡೆಯುವ ಹೊತ್ತಿಗೆ ಮಳೆ ಜೋರು ಹಿಡಿದಿರುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ರಜೆ ಮೇಲೆ ರಜೆ, ಎರಡು ಮೂರು ಕ್ಲಾಸು ತಪ್ಪಿದರೆ ಈ ಪಾಠ ಕೈಗೆ ಸಿಗೋದಿಲ್ಲ. ಆಮೇಲೆ ಒಬ್ಬೊಬ್ಬರಿಂದ ಒಂದೊಂದು ವಿಧಾನ ಕಲಿಯುತ್ತಾರೆ. ಕಾಲೇಜಿನಲ್ಲಿ ತ್ರಿಭುಜ ಬರೆಸಿರುತ್ತಾರೆ. ಟ್ಯೂಷನ್‌ನಲ್ಲಿ ಎಕ್ಸ್ ಜಾಗಕ್ಕೆ ಸೈನ್ ತೀಟಾ ಹಾಕು ಅಂದಿರುತ್ತಾರೆ. ಸಿಇಟಿ ಗೈಡ್‌ನಲ್ಲಿ ಪುಟಗಟ್ಟಲೆ ಸೂತ್ರ. ಹಾಸ್ಟೆಲ್ ಸೀನಿಯರ್ ಮಾತ್ರ "ಅದೆಲ್ಲ ಬಿಡು, ಒಂದು ಬೆಲೆ ಹಾಕಿ ಆಪ್ಶನ್ ನೋಡು" ಅಂತಾನೆ.

ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಪ್ರತಿ ವರ್ಷ ಬರುವ ಪ್ರಶ್ನೆ ಇದು: ಇದರಲ್ಲಿ ಯಾವುದನ್ನು ಹಿಡಿಯಲಿ? ಎಲ್ಲವೂ ಸರಿಯಾದ ವಿಧಾನಗಳೇ. ಆದರೆ ಎಲ್ಲವೂ ಎಲ್ಲ ಲೆಕ್ಕಕ್ಕೂ ಅಲ್ಲ, ಎಲ್ಲರಿಗೂ ಅಲ್ಲ. ಕೈಲಿ ಎಷ್ಟು ದಿನ ಇದೆ, ಯಾವ ಪರೀಕ್ಷೆ, ಬಾಯಿಪಾಠ ಎಷ್ಟು ನಿಲ್ಲುತ್ತದೆ ಅನ್ನೋದರ ಮೇಲೆ ಆಯ್ಕೆ ಬದಲಾಗುತ್ತದೆ.

ಮೊದಲು ಯಾವುದನ್ನು ನೋಡಿ ಅಳೆಯಬೇಕು ಅಂತ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಚಿಹ್ನೆ. ಪ್ಲಸ್ಸೋ ಮೈನಸ್ಸೋ ಅಂತ ಆ ವಿಧಾನ ತಾನಾಗಿ ಹೇಳುತ್ತದಾ, ಇಲ್ಲ ನೀವೇ ನೆನಪಿಟ್ಟು ನೋಡಬೇಕಾ? ಈ ಪಾಠದಲ್ಲಿ ಹೋಗುವ ಅಂಕದಲ್ಲಿ ಹೆಚ್ಚಿನದು ಹೋಗೋದು ಇಲ್ಲೇ. ಎರಡನೆಯದು ಸಮಯ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಒಂದು ಪ್ರಶ್ನೆಗೆ 1 ನಿಮಿಷ 20 ಸೆಕೆಂಡು, ಕ್ಯಾಲ್ಕುಲೇಟರ್ ಇಲ್ಲ. ಮೂರನೆಯದು ನೆನಪಿನ ಹೊರೆ. ನಾಲ್ಕನೆಯದು, ಬೋರ್ಡ್ ಪರೀಕ್ಷೆಯಲ್ಲಿ ಹಂತಕ್ಕೆ ಅಂಕ ಸಿಗುವ ಹಾಗೆ ಬರೆಯೋಕೆ ಆಗುತ್ತದಾ. ಕೊನೆಯದು, ಮುಂದೆ ಡಿಫರೆನ್ಶಿಯೇಷನ್, ಇಂಟಿಗ್ರೇಷನ್ ಬಂದಾಗ ಇದು ಜೊತೆಗೆ ಬರುತ್ತದಾ, ಇಲ್ಲ ಈ ಪಾಠಕ್ಕೇ ಮುಗಿಯುತ್ತದಾ.

ಒಂದು ಸಣ್ಣ ವಿಷಯ, ಆದರೆ ಬಿಡುವ ಹಾಗಿಲ್ಲ. ಸೈನ್⁻¹ ಎಕ್ಸ್ ಅಂದರೆ 1/ಸೈನ್ ಎಕ್ಸ್ ಅಲ್ಲ. ಈ ಬರವಣಿಗೆಯನ್ನು 1813ರಲ್ಲಿ ಜಾನ್ ಹರ್ಷೆಲ್ ಶುರು ಮಾಡಿದ, ಅಂದಿನಿಂದ ಇದು ಮಕ್ಕಳನ್ನು ಗೊಂದಲಕ್ಕೆ ಹಾಕುತ್ತಲೇ ಇದೆ. ಸೈನ್⁻¹ ಎಕ್ಸ್ ಅಂದರೆ ಒಂದು ಕೋನ. "ಯಾವ ಕೋನದ ಸೈನ್ ಎಕ್ಸ್ ಆಗುತ್ತದೆ?" ಅನ್ನುವ ಪ್ರಶ್ನೆಗೆ ಉತ್ತರ. ಅಂಥ ಕೋನಗಳು ಲೆಕ್ಕವಿಲ್ಲದಷ್ಟು ಇರೋದರಿಂದ ಒಂದು ಗಡಿ ಹಾಕಿದ್ದಾರೆ. ಸೈನ್⁻¹ಗೆ −ಪೈ/2 ಇಂದ ಪೈ/2. ಕಾಸ್⁻¹ಗೆ 0 ಇಂದ ಪೈ. ಟ್ಯಾನ್⁻¹ಗೆ −ಪೈ/2 ಮತ್ತು ಪೈ/2 ನಡುವೆ, ತುದಿ ಎರಡನ್ನೂ ಬಿಟ್ಟು. ಈ ಮೂರು ಗಡಿ ಬಾಯಿಗೆ ಬರಲಿಲ್ಲ ಅಂದರೆ ಕೆಳಗಿನ ಯಾವ ವಿಧಾನವೂ ನಿಮ್ಮನ್ನು ಕಾಪಾಡೋದಿಲ್ಲ.

ಇನ್ನೊಂದು, ಲೆಕ್ಕ ನೋಡಿದ ಕೂಡಲೇ ಹೊರಗೆ ಏನಿದೆ ನೋಡಿ. ಹೊರಗೆ ಸೈನ್, ಕಾಸ್ ಇದ್ದು ಒಳಗೆ ಇನ್ವರ್ಸ್ ಇದ್ದರೆ, ಉದಾಹರಣೆಗೆ ಟ್ಯಾನ್(ಸೈನ್⁻¹ ಎಕ್ಸ್), ಉತ್ತರದಲ್ಲಿ ಕೋನ ಇರೋದಿಲ್ಲ, ಬರೀ ವರ್ಗಮೂಲ, ಭಿನ್ನರಾಶಿ ಬರುತ್ತದೆ. ಇದು ಸಾಧು ಜಾತಿ. ಹೊರಗೆ ಇನ್ವರ್ಸ್ ಇದ್ದರೆ, ಟ್ಯಾನ್⁻¹(ಏನೋ ಒಂದು ದೊಡ್ಡ ಗಂಟು) ಅಂತ ಇದ್ದರೆ, ಉತ್ತರ ಕೋನ. ಇದು ಕಷ್ಟದ ಜಾತಿ, ಯಾಕಂದರೆ ಬಂದ ಕೋನ ಆ ಗಡಿಯೊಳಗೆ ಇದೆಯಾ ಅಂತ ನೋಡಲೇಬೇಕು. ವಿಧಾನದ ಆಯ್ಕೆ ಅರ್ಧ ಇಲ್ಲೇ ಮುಗಿಯುತ್ತದೆ.

ತ್ರಿಭುಜ ಬರೆಯುವ ವಿಧಾನ

ಟ್ಯಾನ್(ಸೈನ್⁻¹ ಎಕ್ಸ್) ತಗೊಳ್ಳಿ. ಸೈನ್⁻¹ ಎಕ್ಸ್ = ತೀಟಾ ಅನ್ನಿ. ಹಾಗಾದರೆ ಸೈನ್ ತೀಟಾ = ಎಕ್ಸ್/1. ಒಂದು ಲಂಬಕೋನ ತ್ರಿಭುಜ ಬರೆಯಿರಿ: ಅಭಿಮುಖ ಬಾಹು ಎಕ್ಸ್, ವಿಕರ್ಣ 1, ಪೈಥಾಗೊರಸ್ ಪ್ರಕಾರ ಪಾರ್ಶ್ವ ಬಾಹು √(1 − ಎಕ್ಸ್²). ಈಗ ಬೇಕಾದ್ದನ್ನು ಚಿತ್ರ ನೋಡಿ ಓದಿಬಿಡಿ:

ಟ್ಯಾನ್(ಸೈನ್⁻¹ ಎಕ್ಸ್) = ಎಕ್ಸ್/√(1 − ಎಕ್ಸ್²)

ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಯಾರಿಗಾದರೂ ಇಷ್ಟು ಬರುತ್ತದೆ. ಕನ್ನಡ ಮಾಧ್ಯಮದಿಂದ ಪಿಯು ಸೈನ್ಸ್‌ಗೆ ಬಂದು, ಹೊಸ ಪದಗಳ ಮಧ್ಯೆ ಕಂಗಾಲಾದ ಮಕ್ಕಳಿಗೆ ನಾನು ಮೊದಲು ಕೊಡೋದು ಇದನ್ನೇ. ನೆನಪಿನ ಹೊರೆ ಏನೂ ಇಲ್ಲ. ಒಂದೇ ಚಿತ್ರದಿಂದ ಆರು ಅನುಪಾತವೂ ಸಿಗುತ್ತದೆ. ಕಣ್ಣಿಗೆ ಕಾಣುತ್ತದೆ, ಹಾಗಾಗಿ ನಂಬಿಕೆ ಹುಟ್ಟುತ್ತದೆ.

ಇದು ಸುಮ್ನೆ ಪುಸ್ತಕದ ಆಟ ಅಂದ್ಕೋಬೇಡಿ. ಮಲೆನಾಡಿನಲ್ಲಿ ಹಂಚಿನ ಮಾಡು ಕಟ್ಟುವ ಬಡಗಿ ದಿನಾ ಮಾಡುವ ಲೆಕ್ಕ ಇದು. ಇಲ್ಲಿನ ಮಳೆಗೆ ಮಾಡು ಇಳಿಜಾರಾಗಿ ಇರಲೇಬೇಕು. ಗೋಡೆಯಿಂದ ನಡು ಮಧ್ಯಕ್ಕೆ ಅಡ್ಡ ಅಳತೆ 8 ಅಡಿ, ನೆತ್ತಿ ಎತ್ತರ 6 ಅಡಿ ಅಂದರೆ ಪಕಾಸಿ (ಹಂಚು ಹೊರುವ ಓರೆ ಮರ) ಎಷ್ಟು ಉದ್ದ ಕೊಯ್ಯಬೇಕು? ಅವರು ಹಲಗೆ ಮೇಲೆ ಪೆನ್ಸಿಲ್‌ನಲ್ಲಿ ಮೂಲೆ ಹಾಕಿ, 8 ಒಂದು ಕಡೆ, 6 ಇನ್ನೊಂದು ಕಡೆ ಗುರುತು ಮಾಡಿ, ಓರೆಯಾಗಿ ಟೇಪು ಹಿಡಿಯುತ್ತಾರೆ. 10 ಅಡಿ. ಸೂರಿಗೆ ಹೊರಗೆ ಬಿಡುವಷ್ಟು ಬೇರೆ ಸೇರಿಸುತ್ತಾರೆ. ಎಷ್ಟು ಡಿಗ್ರಿ ಓರೆ ಅಂತ ಅವರು ಕೇಳೋದೇ ಇಲ್ಲ. ನಮ್ಮ ಭಾಷೆಯಲ್ಲಿ ಅದು 8 × ಸೆಕ್(ಟ್ಯಾನ್⁻¹(6/8)), ಅಂದರೆ 8 × 5/4. ಕೋನದ ಬೆಲೆ ಗೊತ್ತಿಲ್ಲದೇ ಕೋನದ ಸೆಕ್ ಗೊತ್ತಾಯಿತು. ಹೊರಗೆ ಸೈನ್, ಕಾಸ್, ಸೆಕ್ ಇರುವ ಲೆಕ್ಕಗಳ ಗುಟ್ಟೇ ಇಷ್ಟು: ಕೋನ ಹುಡುಕುವ ಕೆಲಸವೇ ಇಲ್ಲ.

ಈಗ ಇದರ ತೊಂದರೆ. ತ್ರಿಭುಜದ ಬಾಹುಗಳಿಗೆ ಮೈನಸ್ ಇರೋದಿಲ್ಲ, ಕೋನ 90° ದಾಟೋದಿಲ್ಲ. ಆದರೆ ಎಕ್ಸ್ ಮೈನಸ್ ಇರಬಹುದು. ಸೈನ್⁻¹, ಕಾಸ್⁻¹, ಟ್ಯಾನ್⁻¹ ಮೂರು ಒಳಗಿದ್ದಾಗ ತ್ರಿಭುಜ ಕೊಡುವ ಉತ್ತರ ಎಕ್ಸ್ ಮೈನಸ್ ಆದರೂ ಸರಿಯಾಗೇ ಇರುತ್ತದೆ, ಪುಣ್ಯಕ್ಕೆ. ಒಳಗೆ ಸೆಕ್⁻¹ ಬಂದರೆ ಕೈಕೊಡುತ್ತದೆ. ಸೈನ್(ಸೆಕ್⁻¹ ಎಕ್ಸ್) ನೋಡಿ. ವಿಕರ್ಣ ಎಕ್ಸ್, ಪಾರ್ಶ್ವ ಬಾಹು 1, ಅಭಿಮುಖ ಬಾಹು √(ಎಕ್ಸ್² − 1). ಚಿತ್ರ ಹೇಳುವ ಉತ್ತರ √(ಎಕ್ಸ್² − 1)/ಎಕ್ಸ್. ಎಕ್ಸ್ = −2 ಹಾಕಿದರೆ −√3/2 ಬರುತ್ತದೆ. ನಿಜ ಏನು? ಸೆಕ್⁻¹(−2) = 2ಪೈ/3, ಅದರ ಸೈನ್ +√3/2. ಚಿಹ್ನೆ ಉಲ್ಟಾ. ಸರಿಯಾದ ಉತ್ತರದಲ್ಲಿ ಛೇದಕ್ಕೆ ಮಾಡ್ಯುಲಸ್ (ಮೈನಸ್ ಚಿಹ್ನೆ ತೆಗೆದ ಬೆಲೆ) ಬೇಕು: √(ಎಕ್ಸ್² − 1)/|ಎಕ್ಸ್|. ಟ್ಯಾನ್(ಸೆಕ್⁻¹ ಎಕ್ಸ್) ಕೂಡ ಹಾಗೇ, ಎಕ್ಸ್ = −2 ಆದಾಗ ಚಿತ್ರ √3 ಅನ್ನುತ್ತದೆ, ನಿಜವಾದ ಬೆಲೆ −√3.

(ಯೂಟ್ಯೂಬ್ ನೋಡಿ ಕಲಿಯುವವರಿಗೆ ಒಂದು ಮಾತು: ಕೆಲವು ಅಮೆರಿಕನ್ ಕ್ಯಾಲ್ಕುಲಸ್ ಪುಸ್ತಕಗಳಲ್ಲಿ ಸೆಕ್⁻¹ ಗಡಿಯನ್ನೇ ಬೇರೆ ಇಟ್ಟಿರುತ್ತಾರೆ, ಅಲ್ಲಿ ಟ್ಯಾನ್(ಸೆಕ್⁻¹ ಎಕ್ಸ್) ಯಾವಾಗಲೂ ಪ್ಲಸ್. ನಮ್ಮ ಪಿಯು ಪುಸ್ತಕದಲ್ಲಿ 0 ಇಂದ ಪೈ, ಪೈ/2 ಬಿಟ್ಟು. ನಿಮ್ಮ ಪರೀಕ್ಷೆಗೆ ಇದೇ ಲೆಕ್ಕ.)

ನಿತ್ಯಸಮೀಕರಣದ ವಿಧಾನ

ಇದರಲ್ಲಿ ಚಿತ್ರ ಇಲ್ಲ. ತೀಟಾ ಅಂತ ಹೆಸರಿಟ್ಟು, ಅದರ ಗಡಿ ಬರೆದು, ಸೈನ್² + ಕಾಸ್² = 1, 1 + ಟ್ಯಾನ್² = ಸೆಕ್², 1 + ಕಾಟ್² = ಕೊಸೆಕ್², ಈ ಮೂರರಲ್ಲಿ ಬೇಕಾದ್ದನ್ನು ಬಳಸೋದು. ಅದೇ ಸೈನ್(ಸೆಕ್⁻¹ ಎಕ್ಸ್) ಮಾಡಿ ನೋಡೋಣ. ತೀಟಾ = ಸೆಕ್⁻¹ ಎಕ್ಸ್, 0 ಇಂದ ಪೈ ಒಳಗೆ. ಕಾಸ್ ತೀಟಾ = 1/ಎಕ್ಸ್. ಈ ಗಡಿಯಲ್ಲಿ ಸೈನ್ ಯಾವತ್ತೂ ಮೈನಸ್ ಆಗೋದಿಲ್ಲ, ಹಾಗಾಗಿ ಪ್ಲಸ್ ವರ್ಗಮೂಲ:

ಸೈನ್ ತೀಟಾ = √(1 − 1/ಎಕ್ಸ್²)

ಅಷ್ಟೇ. ಮಾಡ್ಯುಲಸ್ ನೆನಪಿಡುವ ಕೆಲಸವೂ ಇಲ್ಲ, ಎಕ್ಸ್ ವರ್ಗದಲ್ಲೇ ಅದು ಅಡಗಿದೆ. ವರ್ಗಮೂಲ ತೆಗೆಯುವಾಗ ± ಎದುರಿಗೆ ಬಂದು ನಿಲ್ಲುತ್ತದೆ, ನೀವು ಒಂದನ್ನು ಆರಿಸಲೇಬೇಕು, ಆರಿಸೋಕೆ ಗಡಿ ನೋಡಲೇಬೇಕು. ಹಾಗಾಗಿ ಚಿಹ್ನೆಯ ವಿಷಯದಲ್ಲಿ ಇದನ್ನು ಮೀರಿಸುವ ವಿಧಾನ ಇಲ್ಲ. ಬೋರ್ಡ್ ಪರೀಕ್ಷೆಗೂ ಹೇಳಿ ಮಾಡಿಸಿದ್ದು. ಗಡಿ ಬರೆದ ಸಾಲು, ನಿತ್ಯಸಮೀಕರಣದ ಸಾಲು, ಚಿಹ್ನೆಗೆ ಕಾರಣ ಕೊಟ್ಟ ಸಾಲು, ಎಲ್ಲ ಕಣ್ಣಿಗೆ ಕಾಣುವ ಹಂತಗಳು.

ಕೋನ ಎರಡು ಬಂದಾಗ ಇದರ ಬಲ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸೈನ್⁻¹(3/5) + ಕಾಸ್⁻¹(5/13) ಎಷ್ಟು ಅಂತ ಕೇಳಿದ್ದಾರೆ ಅನ್ಕೊಳ್ಳಿ. ಮೊದಲ ಕೋನದ ಸೈನ್ 3/5, ಕಾಸ್ 4/5. ಎರಡನೆಯದರ ಕಾಸ್ 5/13, ಸೈನ್ 12/13. ಎಲ್ಲರೂ ಅಭ್ಯಾಸಬಲದಿಂದ ಮೊತ್ತದ ಸೈನ್ ತೆಗೆಯುತ್ತಾರೆ: 15/65 + 48/65 = 63/65. ಉತ್ತರ ಸೈನ್⁻¹(63/65) ಅಂತ ಬರೆದು ಮುಂದೆ ಹೋಗುತ್ತಾರೆ. ತಪ್ಪು. ಮೊದಲ ಕೋನ ಸುಮಾರು 37°, ಎರಡನೆಯದು ಸುಮಾರು 67°, ಕೂಡಿದರೆ 104°. ಸೈನ್⁻¹ಗೆ 90° ದಾಟೋಕೆ ಆಗೋದಿಲ್ಲ, ಸೈನ್⁻¹(63/65) ಅಂದರೆ ಸುಮಾರು 76° ಮಾತ್ರ. ಸೈನ್ ಬದಲು ಕಾಸ್ ತೆಗೆದಿದ್ದರೆ 20/65 − 36/65 = −16/65 ಬರುತ್ತಿತ್ತು, ಉತ್ತರ ಕಾಸ್⁻¹(−16/65). ಕಾಸ್⁻¹ ಗಡಿ 180° ತನಕ ಇರೋದರಿಂದ ತೊಂದರೆಯೇ ಇಲ್ಲ. ಎರಡು ಚೂಪು ಕೋನ ಕೂಡುವಾಗ ಸೈನ್ ಬಿಟ್ಟು ಕಾಸ್ ತೆಗೆಯಿರಿ ಅಂತ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಒಂದು ಲೆಕ್ಕ ಜಾಸ್ತಿ ಆಗೋದಿಲ್ಲ, ಅಪಾಯ ಪೂರ್ತಿ ತಪ್ಪುತ್ತದೆ.

ಕಾಸ್(2 ಕಾಸ್⁻¹ ಎಕ್ಸ್) = 2ಎಕ್ಸ್² − 1, ಕಾಸ್(3 ಕಾಸ್⁻¹ ಎಕ್ಸ್) = 4ಎಕ್ಸ್³ − 3ಎಕ್ಸ್. ಇವೂ ಇದೇ ದಾರಿಯಲ್ಲಿ, ದ್ವಿಗುಣ, ತ್ರಿಗುಣ ಕೋನದ ಸೂತ್ರದಿಂದ ಒಂದೇ ಸಾಲಿಗೆ ಬರುತ್ತವೆ. ವರ್ಗಮೂಲವೇ ಇಲ್ಲ ನೋಡಿ, ಎಷ್ಟು ಚಂದ. ಇವಕ್ಕೆ ಚೆಬಿಷೆವ್ ಬಹುಪದಗಳು ಅಂತ ಹೆಸರು, ಬಿಎಸ್ಸಿ, ಎಂಎಸ್ಸಿ ಕಡೆ ಹೋಗುವವರಿಗೆ ಮತ್ತೆ ಸಿಗುತ್ತವೆ.

ಕೊರತೆ ಇಲ್ಲ ಅಂತಲ್ಲ. ತ್ರಿಭುಜಕ್ಕಿಂತ ಸ್ವಲ್ಪ ನಿಧಾನ. ಮೊದಲ ಪಿಯು ಟ್ರಿಗ್ನಾಮೆಟ್ರಿ ಗಟ್ಟಿ ಇಲ್ಲದವರಿಗೆ, ಕಾಸ್(ಎ+ಬಿ) ಬರೆಯುವಾಗಲೇ ಕೈ ತಡವರಿಸುವವರಿಗೆ, ಇದು ಭಾರ ಅನ್ನಿಸುತ್ತದೆ. ಮತ್ತೆ, ಹೊರಗೆ ಇನ್ವರ್ಸ್ ಇರುವ ದೊಡ್ಡ ಗಂಟುಗಳಿಗೆ ಇದೊಂದೇ ಸಾಕಾಗೋದಿಲ್ಲ.

ಸಬ್‌ಸ್ಟಿಟ್ಯೂಷನ್

ಆ ದೊಡ್ಡ ಗಂಟು ಬಿಚ್ಚೋಕೆ ಇರುವುದೇ ಇದು. ಟ್ಯಾನ್⁻¹((√(1 + ಎಕ್ಸ್²) − 1)/ಎಕ್ಸ್) ಅಂತ ಕೊಟ್ಟಿದ್ದಾರೆ. ಇಲ್ಲಿ ತ್ರಿಭುಜ ಬರೆಯೋಕೆ ಹೊರಟರೆ ಕೈಸೋಲುತ್ತದೆ. ಒಳಗೆ √(1 + ಎಕ್ಸ್²) ಕಂಡಿತಲ್ಲ, ಎಕ್ಸ್ = ಟ್ಯಾನ್ ತೀಟಾ ಹಾಕಿ. ವರ್ಗಮೂಲ ಕಳಚಿ ಸೆಕ್ ತೀಟಾ ಆಗುತ್ತದೆ. (ಸೆಕ್ ತೀಟಾ − 1)/ಟ್ಯಾನ್ ತೀಟಾ ಅಂದರೆ (1 − ಕಾಸ್ ತೀಟಾ)/ಸೈನ್ ತೀಟಾ, ಅಂದರೆ ಟ್ಯಾನ್(ತೀಟಾ/2). ಹೊರಗಿನ ಟ್ಯಾನ್⁻¹ ಅದನ್ನು ಬಿಚ್ಚಿದರೆ ಉಳಿಯೋದು ತೀಟಾ/2. ಉತ್ತರ: ½ ಟ್ಯಾನ್⁻¹ ಎಕ್ಸ್.

ಇಲ್ಲಿ ಎರಡು ಕಡೆ ಗಡಿ ನೋಡಿದ್ದೇವೆ, ಹೆಚ್ಚಿನವರು ನೋಡದೇ ದಾಟುತ್ತಾರೆ. ತೀಟಾ −ಪೈ/2 ಮತ್ತು ಪೈ/2 ನಡುವೆ ಇರೋದರಿಂದ ಸೆಕ್ ಪ್ಲಸ್, ಆದ್ದರಿಂದಲೇ √(ಸೆಕ್² ತೀಟಾ) = ಸೆಕ್ ತೀಟಾ ಅಂತ ಧೈರ್ಯವಾಗಿ ಬರೆದೆವು. ತೀಟಾ/2 ಇನ್ನೂ ಚಿಕ್ಕದು, −ಪೈ/4 ಇಂದ ಪೈ/4 ಒಳಗೆ, ಟ್ಯಾನ್⁻¹ ಗಡಿಯೊಳಗೇ ಇದೆ, ಹಾಗಾಗಿ ಬಿಚ್ಚಿದ್ದು ಸರಿ. ಕೋನ ಅರ್ಧ ಆಗುವ ಲೆಕ್ಕಗಳಲ್ಲಿ ನೆಮ್ಮದಿ. ಕೋನ ದುಪ್ಪಟ್ಟಾಗುವ ಲೆಕ್ಕಗಳಲ್ಲಿ ಹುಷಾರು.

ಯಾಕೆ ಅಂತ ನೋಡಿ. ಸೈನ್⁻¹(2ಎಕ್ಸ್/(1 + ಎಕ್ಸ್²)). ಮತ್ತೆ ಎಕ್ಸ್ = ಟ್ಯಾನ್ ತೀಟಾ, ಒಳಗೆ ಸೈನ್ 2ತೀಟಾ, ಉತ್ತರ 2 ಟ್ಯಾನ್⁻¹ ಎಕ್ಸ್. ಚೆಕ್ ಮಾಡೋಣ, ಎಕ್ಸ್ = √3. ಒಳಗಿನದು 2√3/4 = √3/2, ಸೈನ್⁻¹ ಪೈ/3. ಆದರೆ 2 ಟ್ಯಾನ್⁻¹ √3 = 2ಪೈ/3. ಹೊಂದೋದಿಲ್ಲ! ತೀಟಾ 60° ಇದ್ದಾಗ 2ತೀಟಾ 120°, ಸೈನ್⁻¹ ಗಡಿ ದಾಟಿತು. ಹಾಗಾಗಿ 2 ಟ್ಯಾನ್⁻¹ ಎಕ್ಸ್ ಅನ್ನೋದು ಎಕ್ಸ್ −1 ಇಂದ 1 ಒಳಗೆ ಇದ್ದರೆ ಮಾತ್ರ. ಎಕ್ಸ್ 1ಕ್ಕಿಂತ ಜಾಸ್ತಿ ಆದರೆ ಪೈ − 2 ಟ್ಯಾನ್⁻¹ ಎಕ್ಸ್, −1ಕ್ಕಿಂತ ಕಡಿಮೆ ಆದರೆ −ಪೈ − 2 ಟ್ಯಾನ್⁻¹ ಎಕ್ಸ್. ಇದನ್ನು ಡಿಫರೆನ್ಶಿಯೇಟ್ ಮಾಡಿದರೆ ಮೊದಲ ಭಾಗದಲ್ಲಿ 2/(1 + ಎಕ್ಸ್²), ಉಳಿದ ಎರಡು ಕಡೆ −2/(1 + ಎಕ್ಸ್²). ಗ್ರಾಫ್ ಏರುತ್ತಾ ಬಂದು, 1ರಲ್ಲಿ ಚೂಪಾಗಿ ತಿರುಗಿ ಇಳಿಯುತ್ತದೆ. ಪೂರ್ತಿ ಉಲ್ಟಾ ಚಿಹ್ನೆ, ಒಂದು ಗಡಿ ನೋಡದ್ದಕ್ಕೆ.

ಯಾವುದಕ್ಕೆ ಯಾವುದು ಹಾಕಬೇಕು ಅನ್ನೋದು ಕಷ್ಟವಿಲ್ಲ. √(1 − ಎಕ್ಸ್²) ಕಂಡರೆ ಸೈನ್ ಅಥವಾ ಕಾಸ್. 1 + ಎಕ್ಸ್² ಕಂಡರೆ ಟ್ಯಾನ್. √(ಎಕ್ಸ್² − 1) ಕಂಡರೆ ಸೆಕ್. √((1 − ಎಕ್ಸ್)/(1 + ಎಕ್ಸ್)) ಕಂಡರೆ ಕಾಸ್, ಟ್ಯಾನ್(ತೀಟಾ/2) ಆಗಿ ಕಳಚುತ್ತದೆ. ಸೈನ್ ಹಾಕಲೋ ಕಾಸ್ ಹಾಕಲೋ ಅನ್ನುವ ಅನುಮಾನ ಬಂದರೆ ಪ್ರಶ್ನೆಯಲ್ಲಿ ಎಕ್ಸ್‌ಗೆ ಕೊಟ್ಟ ಮಿತಿ ನೋಡಿ. ಸೈನ್⁻¹(2ಎಕ್ಸ್√(1 − ಎಕ್ಸ್²)) ತಗೊಂಡರೆ, ಎಕ್ಸ್ −1/√2 ಇಂದ 1/√2 ಒಳಗಿದ್ದಾಗ 2 ಸೈನ್⁻¹ ಎಕ್ಸ್, 1/√2 ಇಂದ 1 ಒಳಗಿದ್ದಾಗ 2 ಕಾಸ್⁻¹ ಎಕ್ಸ್. ಆ ಮಿತಿಯನ್ನು ಪ್ರಶ್ನೆಯಲ್ಲಿ ಅಲಂಕಾರಕ್ಕೆ ಕೊಟ್ಟಿರೋದಿಲ್ಲ, ಯಾವುದನ್ನು ಹಾಕಬೇಕು ಅಂತ ಅದೇ ಹೇಳುತ್ತಿರುತ್ತದೆ.

ಮುಂದಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬರೋದೂ ಇದೇ. ಮೇಲಿನ ಟ್ಯಾನ್⁻¹ ಗಂಟನ್ನು ನೇರವಾಗಿ ಚೈನ್ ರೂಲ್‌ನಲ್ಲಿ ಡಿಫರೆನ್ಶಿಯೇಟ್ ಮಾಡಿದರೆ ಒಂದು ಪುಟ ಹಿಡಿಯುತ್ತದೆ. ಮೊದಲು ಸರಳ ಮಾಡಿಕೊಂಡರೆ ಒಂದೇ ಸಾಲು: 1/(2(1 + ಎಕ್ಸ್²)). ಇಂಟಿಗ್ರೇಷನ್‌ನಲ್ಲಿ √(1 − ಎಕ್ಸ್²) ಬಂದಾಗ ಎಕ್ಸ್ = ಸೈನ್ ತೀಟಾ ಹಾಕಿ ಮುಗಿಸಿದ ಮೇಲೆ ಉತ್ತರ ತೀಟಾದಲ್ಲಿ ಇರುತ್ತದೆ, ½(ತೀಟಾ + ಸೈನ್ ತೀಟಾ ಕಾಸ್ ತೀಟಾ) ಅಂತ. ಅದನ್ನು ಮತ್ತೆ ಎಕ್ಸ್‌ಗೆ ತರೋಕೆ ಕಾಸ್(ಸೈನ್⁻¹ ಎಕ್ಸ್) ಬೇಕು, ಅಂದರೆ ಮತ್ತೆ ಆ ಚಿಕ್ಕ ತ್ರಿಭುಜವೇ. ಹಾಗಾಗಿ ಒಂದು ಕಲಿತು ಇನ್ನೊಂದು ಬಿಡುತ್ತೇನೆ ಅಂದರೆ ಕ್ಯಾಲ್ಕುಲಸ್‌ನಲ್ಲಿ ನಡೆಯೋದಿಲ್ಲ.

ಸೂತ್ರ ಬಾಯಿಪಾಠ

ಟ್ಯಾನ್⁻¹ ಎಕ್ಸ್ + ಟ್ಯಾನ್⁻¹ ವೈ = ಟ್ಯಾನ್⁻¹((ಎಕ್ಸ್ + ವೈ)/(1 − ಎಕ್ಸ್ ವೈ)). ಇದು, ಇದರ ಬಳಗ. ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ, ಹತ್ತು ಸೆಕೆಂಡಿನ ಕೆಲಸ. ಆದರೆ ಸೂತ್ರದ ಪಕ್ಕ ಸಣ್ಣದಾಗಿ "ಎಕ್ಸ್ ವೈ < 1" ಅಂತ ಬರೆದಿರುತ್ತದೆ, ಅದನ್ನು ಯಾರೂ ಬಾಯಿಪಾಠ ಮಾಡೋದಿಲ್ಲ. ಟ್ಯಾನ್⁻¹ 2 + ಟ್ಯಾನ್⁻¹ 3 ಮಾಡಿ. ಸೂತ್ರ ಕೊಡೋದು ಟ್ಯಾನ್⁻¹(5/(−5)) = −ಪೈ/4. ಎರಡು ಪ್ಲಸ್ ಕೋನ ಕೂಡಿ ಮೈನಸ್ ಬರೋಕೆ ಸಾಧ್ಯವಾ? 2 × 3 = 6, ಒಂದಕ್ಕಿಂತ ಜಾಸ್ತಿ, ಆದ್ದರಿಂದ ಪೈ ಸೇರಿಸಬೇಕು: 3ಪೈ/4. ಇದಕ್ಕೆ ಟ್ಯಾನ್⁻¹ 1 ಸೇರಿಸಿದರೆ ಸರಿಯಾಗಿ ಪೈ. 1, 2, 3ರ ಟ್ಯಾನ್⁻¹ ಮೂರೂ ಕೂಡಿದರೆ ಅರ್ಧ ಸುತ್ತು!

ಈ ಸೂತ್ರಕ್ಕೆ ದೊಡ್ಡ ಇತಿಹಾಸ ಇದೆ. 1706ರಲ್ಲಿ ಜಾನ್ ಮೇಚಿನ್ ಪೈ ಬೆಲೆಯನ್ನು 100 ದಶಮಾಂಶ ಸ್ಥಾನದವರೆಗೆ ಕೈಯಲ್ಲೇ ಲೆಕ್ಕ ಹಾಕಿದ್ದು ಇದರ ಬಲದಿಂದ: ಪೈ/4 = 4 ಟ್ಯಾನ್⁻¹(1/5) − ಟ್ಯಾನ್⁻¹(1/239). ಒಂದು ಹಾಳೆ ತಗೊಂಡು ನೀವೇ ಮಾಡಿ ನೋಡಿ. 1/5 ಎರಡು ಸಲ ಕೂಡಿದರೆ 5/12, ಅದನ್ನು ಇನ್ನೊಮ್ಮೆ ದುಪ್ಪಟ್ಟು ಮಾಡಿದರೆ 120/119, ಅದರಿಂದ ಟ್ಯಾನ್⁻¹ 1 ಕಳೆದರೆ ಉಳಿಯೋದು 1/239. ಈ ಪಾಠದ ಮೇಲೆ ಪ್ರೀತಿ ಹುಟ್ಟಿಸೋಕೆ ಇದಕ್ಕಿಂತ ಒಳ್ಳೆ ಲೆಕ್ಕ ನನಗೆ ಗೊತ್ತಿಲ್ಲ.

ಸೂತ್ರಗಳಲ್ಲಿ ಈ ಟ್ಯಾನ್⁻¹ ಕೂಡುವ ಸೂತ್ರವನ್ನೂ, ಸೈನ್⁻¹ ಎಕ್ಸ್ + ಕಾಸ್⁻¹ ಎಕ್ಸ್ = ಪೈ/2 ಅನ್ನೋದನ್ನೂ ಇಟ್ಟುಕೊಳ್ಳಿ. ಉಳಿದ ಪಟ್ಟಿ ಬೇಡ. ಎಲ್ಲವೂ ಸಬ್‌ಸ್ಟಿಟ್ಯೂಷನ್‌ನಿಂದ ಎರಡು ಸಾಲಿಗೆ ಬರುತ್ತವೆ, ಷರತ್ತು ಮರೆತ ಸೂತ್ರ ಇಟ್ಟುಕೊಂಡು ಪ್ರಯೋಜನ ಇಲ್ಲ.

ಬೆಲೆ ಹಾಕಿ ನೋಡೋದು

ಸೀನಿಯರ್ ಹೇಳಿದ ದಾರಿ. ಆಬ್ಜೆಕ್ಟಿವ್ ಪ್ರಶ್ನೆಗೆ ಮಾತ್ರ, ಬೋರ್ಡ್ ಪರೀಕ್ಷೆಯ ಉದ್ದ ಉತ್ತರಕ್ಕೆ ಒಂದು ಅಂಕವೂ ಸಿಗೋದಿಲ್ಲ. ಆದರೆ ಸಿಇಟಿಯಲ್ಲಿ ಇದನ್ನು ಕೀಳು ಅಂತ ನೋಡಬೇಡಿ, ಒಳ್ಳೆ ಆಯುಧ. ಬೆಲೆ ಆರಿಸೋದರಲ್ಲೇ ಜಾಣತನ ಬೇಕು. ಮೇಲಿನ ಟ್ಯಾನ್⁻¹ ಗಂಟಿಗೇ ನಾಲ್ಕು ಆಪ್ಶನ್ ಕೊಟ್ಟಿದ್ದಾರೆ ಅನ್ನಿ: 2 ಟ್ಯಾನ್⁻¹ ಎಕ್ಸ್, ಟ್ಯಾನ್⁻¹ ಎಕ್ಸ್, ½ ಟ್ಯಾನ್⁻¹ ಎಕ್ಸ್, ಪೈ/4 − ½ ಟ್ಯಾನ್⁻¹ ಎಕ್ಸ್. ಎಲ್ಲರ ಕೈ ಮೊದಲು ಹೋಗೋದು 0 ಕಡೆ, ಆದರೆ ಛೇದದಲ್ಲಿ ಎಕ್ಸ್ ಇದೆ, 0 ಹಾಕುವ ಹಾಗಿಲ್ಲ. 1 ಹಾಕಿದರೆ ಟ್ಯಾನ್⁻¹(√2 − 1) = ಪೈ/8. ಮೂರನೇ ಆಪ್ಶನ್ ಪೈ/8. ನಾಲ್ಕನೆಯದೂ ಪೈ/4 − ಪೈ/8 = ಪೈ/8! ಅಲ್ಲೇ ಸಿಕ್ಕಿಬಿದ್ದಿರಿ. √3 ಹಾಕಿ: ಒಳಗಿನದು 1/√3, ಬೆಲೆ ಪೈ/6. ಮೂರನೆಯದು ಪೈ/6, ನಾಲ್ಕನೆಯದು ಪೈ/12. ಈಗ ಸ್ಪಷ್ಟ. ನನ್ನ ಸಲಹೆ √3 ಅಥವಾ 1/√3, 1 ಬೇಡ. ಪ್ರಶ್ನೆಯಲ್ಲಿ ಎಕ್ಸ್‌ಗೆ ಮಿತಿ ಇದ್ದರೆ ಅದರೊಳಗಿನ ಬೆಲೆಯನ್ನೇ ಹಾಕಿ.

ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯೋದಿಲ್ಲ, ಎರಡು ಆಪ್ಶನ್ ಉಳಿದರೂ ಒಂದನ್ನು ಗುರುತು ಹಾಕಬಹುದು. ಜೆಇಇ ಮೇನ್‌ನಲ್ಲಿ ತಪ್ಪು ಆಪ್ಶನ್‌ಗೆ 1 ಅಂಕ ಹೋಗುತ್ತದೆ, ಅಲ್ಲಿ ಈ ದಾರಿಯನ್ನೇ ನೆಚ್ಚಿಕೊಂಡರೆ ಕಷ್ಟ.

ಹಾಗಾದರೆ ನಿಮಗೆ ಯಾವುದು?

ಪರೀಕ್ಷೆಗೆ ಹತ್ತು ದಿನ ಉಳಿದಿದೆ, ಪಾಸಾಗಬೇಕು, ಒಂದಷ್ಟು ಅಂಕ ಬರಬೇಕು ಅಂದರೆ ತ್ರಿಭುಜ ಹಿಡಿಯಿರಿ. ಒಂದು ಸಂಜೆ ಸಾಕು. ಒಳಗೆ ಸೆಕ್⁻¹, ಕೊಸೆಕ್⁻¹ ಬಂದಾಗ ಮಾತ್ರ ಚಿತ್ರದ ಪಕ್ಕ ಗಡಿ ಬರೆದು ಚಿಹ್ನೆ ನೋಡಿ.

ಬೋರ್ಡ್‌ನಲ್ಲಿ ಪೂರ್ತಿ ಅಂಕ ಬೇಕು, ಜೊತೆಗೆ ಸಿಇಟಿಯೂ ಇದೆ, ಇದೇ ನಮ್ಮ ಕಡೆಯ ಹೆಚ್ಚಿನ ಮಕ್ಕಳ ಸ್ಥಿತಿ ಅಲ್ವಾ, ಅಂಥವರು ಹೊರಗೆ ಸೈನ್, ಕಾಸ್ ಇದ್ದರೆ ನಿತ್ಯಸಮೀಕರಣ, ಹೊರಗೆ ಇನ್ವರ್ಸ್ ಇದ್ದರೆ ಸಬ್‌ಸ್ಟಿಟ್ಯೂಷನ್ ಅಂತ ರೂಢಿ ಮಾಡಿಕೊಳ್ಳಿ. ತ್ರಿಭುಜವನ್ನು ರಫ್ ಹಾಳೆಗೆ ಇಟ್ಟುಕೊಳ್ಳಿ. ಬೆಲೆ ಹಾಕೋದನ್ನು ಉತ್ತರ ಬಂದ ಮೇಲೆ ಚೆಕ್ ಮಾಡೋಕೆ ಬಳಸಿ, ಹದಿನೈದು ಸೆಕೆಂಡಿನಲ್ಲಿ ಮನಸ್ಸು ನಿರಾಳ ಆಗುತ್ತದೆ.

ಸಿಇಟಿ ಒಂದೇ ಗುರಿ, ಸಮಯ ಕಡಿಮೆ ಅಂದರೆ ಸಬ್‌ಸ್ಟಿಟ್ಯೂಷನ್, ಎರಡು ಸೂತ್ರ, ಬೆಲೆ ಹಾಕೋದು. ಜೆಇಇಗೆ ಹೋಗುವವರಿಗೆ ಗಡಿಯ ಲೆಕ್ಕಗಳೇ ಜೀವಾಳ. ಸೈನ್⁻¹(ಸೈನ್ 10) ಎಷ್ಟು ಅಂದರೆ 10 ಅನ್ನದೆ, 10 ರೇಡಿಯನ್ ಗಡಿ ದಾಟಿದೆ ಅಂತ ನೋಡಿ 3ಪೈ − 10 ಅನ್ನುವಷ್ಟು ಕೈ ಪಳಗಬೇಕು. ಅದಕ್ಕೆ ಸೈನ್⁻¹(ಸೈನ್ ಎಕ್ಸ್) ಗ್ರಾಫನ್ನು ಗೋಡೆಗೆ ಅಂಟಿಸಿಕೊಳ್ಳಿ. ಡಿಪ್ಲೊಮಾ, ಐಟಿಐ ಕಡೆ ಇರುವವರಿಗೆ, ಅಳತೆ ಮಾಡುವ ಕೆಲಸದವರಿಗೆ ತ್ರಿಭುಜಕ್ಕಿಂತ ಹೆಚ್ಚಿನದು ಬೇಕಾಗೋದಿಲ್ಲ.

ಯಾವುದು ನಿಮ್ಮ ಕೈಗೆ ಒಗ್ಗುತ್ತದೆ ಅಂತ ನೋಡೋಕೆ ಈ ನಾಲ್ಕನ್ನು ಮಾಡಿ: ಕಾಸ್(2 ಟ್ಯಾನ್⁻¹(1/3)), ಸೈನ್(½ ಕಾಸ್⁻¹(1/8)), ಟ್ಯಾನ್(ಸೆಕ್⁻¹(−3)), ಸೈನ್⁻¹(ಸೈನ್ 4). ಉತ್ತರ ಕ್ರಮವಾಗಿ 4/5, √7/4, −2√2, ಪೈ − 4. ಮೂರನೆಯದರಲ್ಲಿ ಪ್ಲಸ್ ಬಂದಿದ್ದರೆ ನಿತ್ಯಸಮೀಕರಣದ ಭಾಗವನ್ನು ಇನ್ನೊಮ್ಮೆ ಓದಿ. ನಾಲ್ಕನೆಯದಕ್ಕೆ 4 ಅಂತ ಬರೆದಿದ್ದರೆ ಮೊದಲು ಆ ಮೂರು ಗಡಿಗಳನ್ನು ಬಾಯಿಪಾಠ ಮಾಡಿ, ವಿಧಾನದ ಆಯ್ಕೆ ಆಮೇಲೆ.